ಇದ್ದಿಲಿಗೆ ಬಗ್ಗದ ಲೋಹಗಳು

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, 1960ರ ದಶಕದಲ್ಲಿ ಪುರಾತತ್ವಜ್ಞರು ಅಗೆದಾಗ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಸುಮಾರು ಮೂರು ಸಾವಿರ ವರ್ಷ ಹಳೆಯ ಕಬ್ಬಿಣ ಅದು. ಮಣ್ಣಿನ ಕುಲುಮೆ, ತಿದಿ, ಒಂದು ರಾಶಿ ಇದ್ದಿಲು, ಇಷ್ಟನ್ನೇ ಇಟ್ಟುಕೊಂಡು ಈ ನೆಲದ ಜನ ಅಷ್ಟು ಹಿಂದೆಯೇ ಕಲ್ಲಿನಿಂದ ಲೋಹ ಇಳಿಸಿದ್ದರು. ಅವರು ಕುಲುಮೆ ಕಟ್ಟಲು ಬಳಸಿದ ಜೇಡಿಮಣ್ಣಿನಲ್ಲೇ ಇನ್ನೊಂದು ಲೋಹ ಅಡಗಿತ್ತು. ಭೂಮಿಯ ಹೊರಪದರದ ತೂಕದಲ್ಲಿ ಕಬ್ಬಿಣದ ಪಾಲು ಸುಮಾರು ಶೇ 5; ಆ ಇನ್ನೊಂದು ಲೋಹದ ಪಾಲು ಶೇ 8. ಅದರ ಹೆಸರು ಅಲ್ಯುಮಿನಿಯಂ. ಕುಲುಮೆಯ ಒಳಗಿದ್ದ ಕಬ್ಬಿಣ ಕೆಂಪಗೆ ಕಾದು ಹೊರಗೆ ಬಂದಿತು, ಗೋಡೆಯಲ್ಲಿದ್ದ ಅಲ್ಯುಮಿನಿಯಂ ಮಾತ್ರ ಮಿಸುಕಲಿಲ್ಲ. ಮೂರು ಸಾವಿರ ವರ್ಷಗಳ ಕಾಲ ಜಗತ್ತಿನ ಯಾವ ಕಮ್ಮಾರನೂ ಅದನ್ನು ಕಣ್ಣಿಂದ ಕಾಣಲಿಲ್ಲ.

ಕಾರಣ ಸರಳ. ಇವೆರಡರ ಅದಿರಿನಲ್ಲೂ ಲೋಹವು ಆಮ್ಲಜನಕಕ್ಕೆ ಅಂಟಿಕೊಂಡಿರುತ್ತದೆ. ಕಬ್ಬಿಣದ ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಂಡು ಅನಿಲವಾಗಿ ಹಾರಿಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ಅಲ್ಯುಮಿನಿಯಂ ಆಮ್ಲಜನಕವನ್ನು ಹಿಡಿದಿರುವ ಬಿಗಿ ಬೇರೆಯೇ ಮಟ್ಟದ್ದು. ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಇಂಗಾಲ ಹೇಗೋ ಅದನ್ನು ಬಿಡಿಸುತ್ತದೆ, ಆದರೆ ಹಾಗೆ ಬಿಡುಗಡೆಯಾದ ಲೋಹ ಇಂಗಾಲವನ್ನೇ ತಬ್ಬಿಕೊಂಡು ಕಾರ್ಬೈಡ್ ಆಗಿಬಿಡುತ್ತದೆ. ಕ್ಯಾಲ್ಸಿಯಂ, ಲಿಥಿಯಂ, ನಿಯೋಡೈಮಿಯಂ ಮುಂತಾದವುಗಳ ಹಠವೂ ಹೆಚ್ಚುಕಡಿಮೆ ಇದೇ ಬಗೆಯದು.

ಈ ಹಠ ಮುರಿಯಲು ಮನುಷ್ಯನಿಗೆ ಸಿಕ್ಕ ದಾರಿ, ಕಾಯಿಸಿ ಕರಗಿಸಿದ ಉಪ್ಪಿನೊಳಗೆ ವಿದ್ಯುತ್ ಹರಿಸುವುದು. ನಮ್ಮ ಪಾತ್ರೆ, ಕಿಟಕಿ, ವಿಮಾನ, ವಿದ್ಯುತ್ ತಂತಿ, ಬೆಂಗಳೂರಿನ ರಸ್ತೆಗಳಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರು, ಇವೆಲ್ಲದರ ಹಿಂದೆ ಅಂಥದ್ದೊಂದು ಕುದಿಯುವ ತೊಟ್ಟಿ ಇದೆ. ನಾವು ಮಾತ್ರ ಲೋಹ ಎಂದ ಕೂಡಲೇ ಗಣಿಯ ಬಗ್ಗೆ ಮಾತನಾಡುತ್ತೇವೆ. ಎಲ್ಲಿ ನಿಕ್ಷೇಪ ಸಿಕ್ಕಿತು, ಎಷ್ಟು ಟನ್, ಯಾರಿಗೆ ಗುತ್ತಿಗೆ ಎಂಬುದೇ ಸುದ್ದಿ. ಅದಿರಿಗೂ ಲೋಹಕ್ಕೂ ನಡುವಿನ ಈ ತೊಟ್ಟಿಯ ಕಡೆ ಕಣ್ಣು ಹೋಗುವುದೇ ಇಲ್ಲ. ದೇಶಗಳ ಗೆಲುವು ಸೋಲು ನಿರ್ಧಾರವಾಗುತ್ತಿರುವುದು ಅಲ್ಲಿ.

ಉಪ್ಪನ್ನು ನೀರಿನಲ್ಲಿ ಕದಡಿ ವಿದ್ಯುತ್ ಹರಿಸಿದರೆ ಸಾಲದೇ ಎಂದು ಕೇಳಬಹುದು. ತಾಮ್ರಕ್ಕೆ ಸಾಲುತ್ತದೆ. ಕಲಬೆರಕೆ ತಾಮ್ರದ ಹಲಗೆಯನ್ನು ಧನ ತುದಿಗೆ, ಅಂದರೆ ಆನೋಡಿಗೆ ಕಟ್ಟಿ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಳಿಬಿಟ್ಟರೆ ಎದುರಿನ ಋಣ ತುದಿಯಾದ ಕ್ಯಾಥೋಡಿನ ಮೇಲೆ ಶುದ್ಧ ತಾಮ್ರ ಬಂದು ಕೂರುತ್ತದೆ. ಮನೆಯ ವೈರಿಂಗಿನ ತಾಮ್ರ ಹೀಗೆ ಶುದ್ಧವಾದದ್ದೇ. ಅಲ್ಯುಮಿನಿಯಂ ಲವಣವನ್ನು ನೀರಿನಲ್ಲಿಟ್ಟು ಇದೇ ಕೆಲಸ ಮಾಡಹೊರಟರೆ ಕ್ಯಾಥೋಡಿನಲ್ಲಿ ಗುಳ್ಳೆಗಳಷ್ಟೇ ಏಳುತ್ತವೆ. ಅದು ನೀರಿನಿಂದ ಬಂದ ಜಲಜನಕ. ಪ್ರತಿ ಲೋಹವನ್ನು ಅದರ ಲವಣದಿಂದ ಬಿಡಿಸಲು ಇಂತಿಷ್ಟು ವೋಲ್ಟೇಜು ಬೇಕೆಂಬ ಲೆಕ್ಕವಿದೆ. ಜಲಜನಕವನ್ನು ಸೊನ್ನೆ ಎಂದಿಟ್ಟುಕೊಂಡರೆ ತಾಮ್ರ 0.34 ವೋಲ್ಟ್ ಮೇಲಿದೆ; ಅಲ್ಯುಮಿನಿಯಂ 1.66, ಮೆಗ್ನೀಷಿಯಂ 2.37, ಸೋಡಿಯಂ 2.71 ವೋಲ್ಟ್ ಕೆಳಗಿವೆ. ನೀರು ಇರುವ ತನಕ ವಿದ್ಯುತ್ತು ಮೊದಲು ನೀರನ್ನೇ ಒಡೆಯುತ್ತದೆ, ಕೆಳಗಿನ ಲೋಹಗಳ ಸರದಿ ಬರುವುದೇ ಇಲ್ಲ. ಹಾಗಾಗಿ ನೀರನ್ನೇ ಹೊರಗಿಡಬೇಕು. ನೀರಿಲ್ಲದೆಯೂ ಅಯಾನುಗಳು ಓಡಾಡಬೇಕೆಂದರೆ ಉಪ್ಪು ತಾನೇ ಕರಗಿ ದ್ರವವಾಗಬೇಕು. ನಾವು ಅಡುಗೆಗೆ ಬಳಸುವ ಉಪ್ಪು 801 ಡಿಗ್ರಿಯಲ್ಲಿ ಕರಗಿ ನೀರಿನಷ್ಟೇ ತಿಳಿಯಾದ ದ್ರವವಾಗುತ್ತದೆ.

ಹೀಗೆ ಕರಗಿದ ದ್ರವದಿಂದ ಲೋಹ ಬಿಡಿಸುವುದನ್ನು ಮೊದಲು ಸಾಧಿಸಿ ತೋರಿಸಿದವನು ಹಂಫ್ರಿ ಡೇವಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1807ರ ಅಕ್ಟೋಬರಿನಲ್ಲಿ ಅವನು ಪೊಟ್ಯಾಷ್ ಬೆನ್ನು ಹತ್ತಿದ್ದ. ಮೊದಲು ನೀರಿನಲ್ಲಿ ಕದಡಿ ನೋಡಿದ, ಬರೀ ಜಲಜನಕ, ಆಮ್ಲಜನಕ ಬಂದವು. ಕೊನೆಗೆ ಗಟ್ಟಿ ಪೊಟ್ಯಾಷಿನ ತುಂಡಿಗೆ ತುಸುವೇ ತೇವ ತಾಗಲು ಬಿಟ್ಟು, ದೊಡ್ಡ ಬ್ಯಾಟರಿಯ ವಿದ್ಯುತ್ ಹರಿಸಿದಾಗ ಆ ತುಂಡು ತಾನೇ ಕರಗತೊಡಗಿತು. ಕ್ಯಾಥೋಡಿನ ಬಳಿ ಪಾದರಸದಂತೆ ಹೊಳೆಯುವ ಸಣ್ಣ ಸಣ್ಣ ಮಣಿಗಳು ಕಾಣಿಸಿಕೊಂಡು, ಕೆಲವು ಚಟ್ಟನೆ ಉರಿದುಹೋದವು. ಪೊಟ್ಯಾಷಿಯಂ! ಅವನ ಸಹಾಯಕನೂ ದಾಯಾದಿಯೂ ಆಗಿದ್ದ ಎಡ್ಮಂಡ್ ಡೇವಿ ಬರೆದಿಟ್ಟಿರುವಂತೆ, ಆ ಮಣಿಗಳನ್ನು ಕಂಡು ಹಂಫ್ರಿ ಕೋಣೆಯ ತುಂಬ ಕುಣಿದಾಡಿದ. ಕೆಲವೇ ದಿನಗಳಲ್ಲಿ ಸೋಡಿಯಂ ಸಿಕ್ಕಿತು. ಮರುವರ್ಷ ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಮೆಗ್ನೀಷಿಯಂ. ಅಲ್ಯುಮಿನಿಯಂಗೂ ಕೈ ಹಾಕಿದ, ಅದು ಒಲಿಯಲಿಲ್ಲ. ಹೆಸರನ್ನಷ್ಟೇ ಇಟ್ಟು ಬಿಟ್ಟುಕೊಟ್ಟ. ಎಷ್ಟು ವಿದ್ಯುತ್ತಿಗೆ ಎಷ್ಟು ಲೋಹ ಎಂಬ ನಿಯಮವನ್ನು 1830ರ ದಶಕದಲ್ಲಿ ಲೆಕ್ಕ ಹಾಕಿ ಕೊಟ್ಟವನು ಅವನ ಶಿಷ್ಯ ಮೈಕೇಲ್ ಫ್ಯಾರಡೆ. ಇಂದಿಗೂ ಜಗತ್ತಿನ ಪ್ರತಿ ಅಲ್ಯುಮಿನಿಯಂ ಸ್ಮೆಲ್ಟರಿನ, ಅಂದರೆ ಲೋಹ ತೆಗೆಯುವ ಕಾರ್ಖಾನೆಯ, ಹುಟ್ಟುವಳಿಯನ್ನು ಆ ನಿಯಮದಿಂದಲೇ ಅಳೆಯುತ್ತಾರೆ.

ಅಲ್ಯುಮಿನಿಯಂ ಮೊದಲು ಬಂದದ್ದು ಬೇರೆ ದಾರಿಯಿಂದ. ಡೆನ್ಮಾರ್ಕಿನ ಅರ್ಸ್ಟೆಡ್ 1825ರಲ್ಲಿ, ಜರ್ಮನಿಯ ವೋಲರ್ 1827ರಲ್ಲಿ, ಡೇವಿ ಕಂಡುಹಿಡಿದ ಪೊಟ್ಯಾಷಿಯಮ್ಮನ್ನೇ ಅಸ್ತ್ರವಾಗಿಸಿ ಒಂದಿಷ್ಟು ಪುಡಿ ತೆಗೆದರು. ಫ್ರಾನ್ಸಿನ ಸೇಂಟ್ ಕ್ಲೇರ್ ಡೆವಿಲ್ 1854ರಲ್ಲಿ ಸೋಡಿಯಂ ಬಳಸಿ ಗಟ್ಟಿಗಳನ್ನೇ ಮಾಡಿದ. ಮೂರನೇ ನೆಪೋಲಿಯನ್ ಅದಕ್ಕೆ ಹಣ ಸುರಿದ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಗಟ್ಟಿಗಳನ್ನು ಜನ ಆಭರಣದಂತೆ ನೋಡಿದರು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಿದ್ದು ಸುಮಾರು 2.8 ಕಿಲೋ ತೂಕದ ಅಲ್ಯುಮಿನಿಯಂ ಶಿಖರ. ಏರಿಸುವ ಮೊದಲು ಅದನ್ನು ನ್ಯೂಯಾರ್ಕಿನ ಟಿಫನಿ ಒಡವೆ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಮಣ್ಣಿನಲ್ಲೆಲ್ಲಾ ಇರುವ ಲೋಹ ಬೆಳ್ಳಿಯ ಸಾಲಿನಲ್ಲಿ ಕುಳಿತಿದ್ದ ಕಾಲ ಅದು.

ಅದಾಗಿ ಎರಡೇ ವರ್ಷದಲ್ಲಿ ಕಥೆ ಬದಲಾಯಿತು. ಬದಲಿಸಿದವರಿಬ್ಬರು, ಇಬ್ಬರಿಗೂ ಆಗ 22-23ರ ಪ್ರಾಯ, ಒಬ್ಬರ ಗುರುತು ಇನ್ನೊಬ್ಬರಿಗಿರಲಿಲ್ಲ. ಅಮೆರಿಕದ ಓಹಿಯೋ ರಾಜ್ಯದ ಓಬರ್ಲಿನ್ ಊರಿನ ಚಾರ್ಲ್ಸ್ ಮಾರ್ಟಿನ್ ಹಾಲ್ ತನ್ನ ಮನೆಯ ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಪ್ರಯೋಗ ನಡೆಸಿದ. ಅಗ್ಗವಾಗಿ ಅಲ್ಯುಮಿನಿಯಂ ತೆಗೆಯುವವನು ಸಿರಿವಂತನಾಗುತ್ತಾನೆ ಎಂದು ಕಾಲೇಜಿನಲ್ಲಿ ಅವನ ಮೇಷ್ಟ್ರು ಫ್ರಾಂಕ್ ಜ್ಯೂಯೆಟ್ ಹೇಳಿದ್ದರು. ರಸಾಯನಶಾಸ್ತ್ರ ಓದಿದ್ದ ಅಕ್ಕ ಜೂಲಿಯಾ ಜೊತೆಗಿದ್ದಳು. ಬ್ಯಾಟರಿಗಳನ್ನೂ ಮನೆಯಲ್ಲೇ ಮಾಡಿಕೊಂಡಿದ್ದ.

ಅಡ್ಡಿ ಏನೆಂದರೆ, ಅಲ್ಯುಮಿನಿಯಂ ಆಕ್ಸೈಡ್ ಅಥವಾ ಅಲ್ಯುಮಿನಾ ಕರಗಬೇಕಾದರೆ ಎರಡು ಸಾವಿರ ಡಿಗ್ರಿಗೂ ಮೀರಿದ ಕಾವು ಬೇಕು. ಆ ಕಾವು ತಡೆಯುವ ಪಾತ್ರೆ ಯಾರ ಬಳಿಯೂ ಇರಲಿಲ್ಲ. ಹಾಲ್ ಅದನ್ನು ನೇರವಾಗಿ ಕರಗಿಸುವ ಯೋಚನೆ ಬಿಟ್ಟು, ಅದನ್ನು ತನ್ನೊಳಗೆ ಕದಡಿಕೊಳ್ಳಬಲ್ಲ ಬೇರೊಂದು ಉಪ್ಪನ್ನು ಹುಡುಕಿದ. ಅದು ಕ್ರಯೋಲೈಟ್. ಸೋಡಿಯಂ, ಅಲ್ಯುಮಿನಿಯಂ, ಫ್ಲೋರಿನ್ ಸೇರಿದ ಬಿಳಿ ಖನಿಜ, ಆಗ ಗ್ರೀನ್‌ಲ್ಯಾಂಡಿನ ಇವಿಟ್ಟುಟ್ ಎಂಬಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಅದು ಅಲ್ಯುಮಿನಾವನ್ನು ಸಲೀಸಾಗಿ ಒಳಗೆಳೆದುಕೊಳ್ಳುತ್ತದೆ. ಮೊದಮೊದಲು ಹಾಲ್ ಬಳಸಿದ ಜೇಡಿಮಣ್ಣಿನ ಮೂಸೆಯಿಂದ ಮರಳಿನಂಶ ಕರಗಿ ಬಂದು ಕೆಲಸ ಕೆಡಿಸಿತು. ಮೂಸೆಯ ಒಳಮೈಗೆ ಇಂಗಾಲದ ಪದರ ಕೊಟ್ಟ ಮೇಲೆ, 1886ರ ಫೆಬ್ರುವರಿ 23ರಂದು, ತಳದಲ್ಲಿ ಬೆಳ್ಳಗೆ ಹೊಳೆಯುವ ಗುಂಡುಗಳು ಸಿಕ್ಕವು. ಫ್ರಾನ್ಸಿನಲ್ಲಿ ಪಾಲ್ ಎರೂ ಅದೇ ಉಪಾಯ ಕಂಡುಕೊಂಡು ಅದೇ ವರ್ಷದ ಏಪ್ರಿಲಿನಲ್ಲಿ ಪೇಟೆಂಟ್ ಕೇಳಿದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಇಂದಿಗೂ ಜಗತ್ತಿನ ಹೊಸ ಅಲ್ಯುಮಿನಿಯಂ ಎಲ್ಲವೂ ಬರುವುದು ಇವರಿಬ್ಬರ ಹೆಸರಿನ ಹಾಲ್-ಎರೂ ವಿಧಾನದಿಂದಲೇ.

ಈ ವಿಧಾನದಿಂದ ಅಲ್ಯುಮಿನಿಯಂ ಬೆಲೆ ಕುಸಿಯಿತು. ಅದರ ಬಿಸಿ ನಮ್ಮಲ್ಲಿಗೂ ಬೇಗ ಮುಟ್ಟಿತು. ಮದ್ರಾಸಿನ ಕಲಾ ಶಾಲೆಯ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಚಾಟರ್‌ಟನ್ 1898ರಲ್ಲೇ ಅಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ವಿಶ್ವೇಶ್ವರಯ್ಯನವರ ಜೊತೆ ಕೆಲಸ ಮಾಡಿದ್ದು ಇದೇ ಚಾಟರ್‌ಟನ್. ಲೋಹ ಆಗ ಹೊರದೇಶದಿಂದ ಬರುತ್ತಿತ್ತು. ಭಾರತದ ನೆಲದಲ್ಲಿ ಮೊದಲ ಅಲ್ಯುಮಿನಿಯಂ ಹರಿದದ್ದು 1943ರಲ್ಲಿ, ಕೇರಳದ ಆಲುವಾ ಬಳಿಯ ಅಲುಪುರಂನಲ್ಲಿ.

ಇಂದಿನ ಸ್ಮೆಲ್ಟರಿನಲ್ಲಿ ಈ ತೊಟ್ಟಿಗೆ ಪಾಟ್ ಎನ್ನುತ್ತಾರೆ, ಪಾಟ್‌ಗಳ ಸಾಲಿಗೆ ಪಾಟ್‌ಲೈನ್. ಒಂದೊಂದು ಪಾಟ್ ಉಕ್ಕಿನ ಉದ್ದನೆಯ ದೋಣಿ. ಒಳಗೆ ಇಂಗಾಲದ ಹಾಸು, ಅದೇ ಕ್ಯಾಥೋಡ್. ಮೇಲಿನಿಂದ ಇಳಿಬಿಟ್ಟ ಇಂಗಾಲದ ದಿಮ್ಮಿಗಳು ಆನೋಡ್. ನಡುವೆ 960 ಡಿಗ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆಯುವ ಕ್ರಯೋಲೈಟ್ ದ್ರವ. ಇದರ ಕೆಳಗೆ ಒಲೆ ಇಲ್ಲ. ವಿದ್ಯುತ್ತು ಹರಿಯುವಾಗ ಹುಟ್ಟುವ ಕಾವೇ ಉಪ್ಪನ್ನು ದ್ರವವಾಗಿಡುತ್ತದೆ. ಬಿಡುಗಡೆಯಾದ ಅಲ್ಯುಮಿನಿಯಂ ಆ ಉಪ್ಪಿಗಿಂತ ಚೂರೇ ಚೂರು ಭಾರ: ಉಪ್ಪಿನ ಸಾಂದ್ರತೆ ಸುಮಾರು 2.1, ಲೋಹದ್ದು 2.3. ಆ 0.2ರ ಅಂತರದಿಂದ ಲೋಹ ತಳ ಸೇರುತ್ತದೆ, ಮೇಲಿನ ಗಾಳಿಗೂ ಆನೋಡಿನ ಅನಿಲಕ್ಕೂ ಸಿಗದೆ ಸುರಕ್ಷಿತವಾಗಿರುತ್ತದೆ. ಲೋಹವೇ ಹಗುರವಾಗಿ ಮೇಲೆ ತೇಲಿದ್ದರೆ ಈ ಉದ್ಯಮ ಈ ರೂಪದಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಈ ಪಾಟಿನಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಅದರ ಗೋಡೆ. ಕರಗಿದ ಫ್ಲೋರೈಡು ಇಟ್ಟಿಗೆ, ಉಕ್ಕು ಏನನ್ನೂ ಬಿಡದೆ ಮೆಲ್ಲುತ್ತದೆ. ಹಾಗಾಗಿ ಎಂಜಿನಿಯರುಗಳು ಪಾಟಿನ ಅಂಚನ್ನು ಬೇಕೆಂದೇ ತುಸು ತಣ್ಣಗಿಡುತ್ತಾರೆ. ಆಲೆಮನೆಯ ಕೊಪ್ಪರಿಗೆಯ ಅಂಚಿನಲ್ಲಿ ಪಾಕ ಹೆಪ್ಪುಗಟ್ಟುವ ಹಾಗೆ ಉಪ್ಪು ಅಂಚಿನಲ್ಲಿ ಗಟ್ಟಿಯಾಗಿ ತನಗೆ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ಕಾವು ಹೆಚ್ಚಾದರೆ ಆ ಗೋಡೆ ಕರಗಿ ಪಾಟ್ ತೂತಾಗುತ್ತದೆ, ಕಡಿಮೆಯಾದರೆ ಗೋಡೆ ಒಳಕ್ಕೆ ಬೆಳೆದು ಇಡೀ ಪಾಟೇ ಹೆಪ್ಪಾಗುತ್ತದೆ. ಕೆಲವು ಗಂಟೆ ಕರೆಂಟು ಹೋದರೆ ಸಾಕು, ಸಾಲಿಗೆ ಸಾಲೇ ಕಲ್ಲಾಗುತ್ತದೆ. ಮತ್ತೆ ಚಾಲೂ ಮಾಡಲು ತಿಂಗಳುಗಳೇ ಬೇಕು. ದೊಡ್ಡ ಸ್ಮೆಲ್ಟರುಗಳು ಸ್ವಂತ ವಿದ್ಯುತ್ ಸ್ಥಾವರ ಕಟ್ಟಿಕೊಳ್ಳುವುದು ಇದಕ್ಕೇ.

ಈಗ ಫ್ಯಾರಡೆಯ ಲೆಕ್ಕಕ್ಕೆ ಬರೋಣ. ಒಂದು ಅಲ್ಯುಮಿನಿಯಂ ಪರಮಾಣು ಬಿಡುಗಡೆಯಾಗಲು ಮೂರು ಎಲೆಕ್ಟ್ರಾನು ಬೇಕು. ಒಂದು ಲಕ್ಷ ಆಂಪಿಯರ್ ವಿದ್ಯುತ್ತು ಇಡೀ ದಿನ ಹರಿದರೆ, ಒಂದಿಷ್ಟೂ ಸೋರಿಕೆಯಿಲ್ಲದಿದ್ದರೆ, 805 ಕಿಲೋ ಲೋಹ. ಆಧುನಿಕ ಪಾಟ್‌ಗಳಲ್ಲಿ ಮೂರು ಲಕ್ಷ ಆಂಪಿಯರ್, ಅದಕ್ಕೂ ಹೆಚ್ಚು ಹರಿಯುತ್ತದೆ. ಅಂಥ ಒಂದು ಪಾಟ್ ದಿನಕ್ಕೆ ಸುಮಾರು ಎರಡೂಕಾಲು ಟನ್ ಕೊಡುತ್ತದೆ. ವೋಲ್ಟೇಜು ಮಾತ್ರ ನಾಲ್ಕು ಚಿಲ್ಲರೆ. ಆದರೂ ಕಿಲೋ ಒಂದಕ್ಕೆ ಸುಮಾರು 14 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಗರಿಷ್ಠ 200 ಯೂನಿಟ್ ಉಚಿತ. ಆ 200 ಯೂನಿಟ್ಟನ್ನು ಪಾಟಿಗೆ ಕೊಟ್ಟರೆ ಬರುವುದು ಸುಮಾರು 14 ಕಿಲೋ ಅಲ್ಯುಮಿನಿಯಂ.

ಈ ಅಂಕಿಯನ್ನು ಕೈಯಲ್ಲಿ ಹಿಡಿದು ಭೂಪಟ ನೋಡಬೇಕು. ಐಸ್‌ಲ್ಯಾಂಡಿನಲ್ಲಿ ಅಲ್ಯುಮಿನಿಯಂ ಅದಿರಾದ ಬಾಕ್ಸೈಟಿನ ಗಣಿಯೇ ಇಲ್ಲ. ಆದರೂ ಆ ದೇಶದ ಒಟ್ಟು ವಿದ್ಯುತ್ತಿನ ಸುಮಾರು ಮೂರನೇ ಎರಡರಷ್ಟನ್ನು ಬಳಸುವುದು ಅಲ್ಯುಮಿನಿಯಂ ಸ್ಮೆಲ್ಟರುಗಳು. ಸಾಗರ ದಾಟಿ ಬಂದ ಅಲ್ಯುಮಿನಾ, ಅಲ್ಲಿನ ಜಲವಿದ್ಯುತ್ತು ಮತ್ತು ಭೂಗರ್ಭದ ಶಾಖದ ವಿದ್ಯುತ್ತಿನಿಂದ ಲೋಹವಾಗಿ ಮತ್ತೆ ಹಡಗು ಹತ್ತುತ್ತದೆ. ಇದಕ್ಕೆ ಉಲ್ಟಾ ನಮ್ಮ ಬೆಳಗಾವಿ. ಸಹ್ಯಾದ್ರಿಯ ಬಾಕ್ಸೈಟ್ ಪಕ್ಕದ ಕೊಲ್ಹಾಪುರ ಜಿಲ್ಲೆಯಲ್ಲೇ ಇದೆ. ಆ ಕೆಂಪು ಕಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಬಿಳಿ ಅಲ್ಯುಮಿನಾ ಮಾಡುವ ಬೆಳಗಾವಿಯ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಒಂದು ಕಾಲಕ್ಕೆ ಅಲ್ಲಿ ಸ್ಮೆಲ್ಟರೂ ಇತ್ತು. ಜಲವಿದ್ಯುತ್ತು ಅಗ್ಗವಾಗಿದ್ದ ದಿನಗಳು ಮುಗಿದು ಕರೆಂಟು ದುಬಾರಿಯಾದ ಮೇಲೆ ಅದು ನಿಂತಿತು. ಅದಿರು, ರೈಲು, ಕೆಲಸ ಬಲ್ಲ ಜನ ಎಲ್ಲವೂ ಇದ್ದು, ಪಾಟ್‌ಗಳಿಗೆ ಬೇಕಾದ ಅಗ್ಗದ ವಿದ್ಯುತ್ತೊಂದು ಇಲ್ಲವಾದದ್ದಕ್ಕೆ ಕರ್ನಾಟಕ ಲೋಹ ಕಳೆದುಕೊಂಡಿತು. ದೇಶದ ಅಲ್ಯುಮಿನಿಯಂ ಇಂದು ಹೆಚ್ಚಾಗಿ ಹರಿಯುವುದು ಒಡಿಶಾ, ಛತ್ತೀಸಗಢ, ಉತ್ತರ ಪ್ರದೇಶಗಳಲ್ಲಿ, ಕಲ್ಲಿದ್ದಲು ಸಿಗುವ ಸೀಮೆಯ ಆಸುಪಾಸಿನಲ್ಲಿ.

ಕಲ್ಲಿದ್ದಲಿನ ಮಾತು ಬಂದಿತಲ್ಲ, ಆ ಬೆಲೆಯನ್ನೂ ಹೇಳಬೇಕು. ಬಿಡುಗಡೆಯಾದ ಆಮ್ಲಜನಕ ಆನೋಡಿನ ಇಂಗಾಲವನ್ನು ಸುಡುತ್ತದೆ. ಕಿಲೋ ಲೋಹಕ್ಕೆ ಸುಮಾರು 400 ಗ್ರಾಂ ಇಂಗಾಲ ಕರಗಿ ಒಂದೂವರೆ ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಲ್ಲಿದ್ದಲಿನ ವಿದ್ಯುತ್ತಾದರೆ ಅದರ ಹೊಗೆ ಇದರ ಹಲವು ಪಟ್ಟು ಬೇರೆ. ಪಾಟಿನಲ್ಲಿ ಅಲ್ಯುಮಿನಾ ಕಡಿಮೆಯಾದಾಗ ವೋಲ್ಟೇಜು ಥಟ್ಟನೆ ಏರಿ ಕಾರ್ಬನ್ ಟೆಟ್ರಾಫ್ಲೋರೈಡ್ ಎಂಬ ಅನಿಲ ಹುಟ್ಟುತ್ತದೆ. ಒಮ್ಮೆ ಗಾಳಿಗೆ ಸೇರಿದರೆ ಅದು ಐವತ್ತು ಸಾವಿರ ವರ್ಷ ಅಲ್ಲೇ ಇರುತ್ತದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿನ ಸಾವಿರಾರು ಪಟ್ಟು ಬಲದ್ದು. ಕರಗದ ಆನೋಡಿಗಾಗಿ ಹುಡುಕಾಟ ನೂರು ವರ್ಷಕ್ಕೂ ಹಳೆಯದು. ಅಂಥ ಆನೋಡ್ ಇದ್ದರೆ ಪಾಟ್ ಹೊಗೆಯ ಬದಲು ಆಮ್ಲಜನಕ ಬಿಡುತ್ತದೆ. ಅಲ್ಕೋವಾ ಮತ್ತು ರಿಯೋ ಟಿಂಟೋ ಕಂಪನಿಗಳು ಇದಕ್ಕೆಂದೇ 2018ರಲ್ಲಿ ಕೆನಡಾದಲ್ಲಿ ಎಲಿಸಿಸ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಅಂಥ ಆನೋಡ್ ಬರುವವರೆಗೆ ನಮ್ಮ ಕೈಲಾಗುವ ಕೆಲಸ ಒಂದಿದೆ: ಹಳೆ ಪಾತ್ರೆ, ಕಿಟಕಿ ಚೌಕಟ್ಟುಗಳನ್ನು ತಿಪ್ಪೆಗೆಸೆಯದೆ ಗುಜರಿಗೆ ಹಾಕುವುದು. ಹಳೆ ಲೋಹವನ್ನು ಮತ್ತೆ ಕರಗಿಸಲು ಬೇಕಾದ ಶಕ್ತಿ, ಹೊಸದಕ್ಕೆ ಬೇಕಾದುದರ ಶೇ 5 ಮಾತ್ರ.

ಇಷ್ಟು ಹೊತ್ತು ಹೇಳಿದ್ದು ಲೋಹ ತೆಗೆಯುವ ಬಗೆ. ಇದೇ ತೊಟ್ಟಿ ಲೋಹವನ್ನು ಸೋಸುವ, ಒಂದರಿಂದ ಒಂದನ್ನು ಬೇರ್ಪಡಿಸುವ ಕೆಲಸವನ್ನೂ ಮಾಡುತ್ತದೆ. ಪಾಟಿನಿಂದ ಬರುವ ಅಲ್ಯುಮಿನಿಯಂ ಶೇ 99.5ರಿಂದ 99.8ರಷ್ಟು ಶುದ್ಧ. ಪಾತ್ರೆಗೆ ಧಾರಾಳವಾಯಿತು, ಎಲೆಕ್ಟ್ರಾನಿಕ್ ಕೆಪ್ಯಾಸಿಟರಿನ ಹಾಳೆಗೆ ಸಾಲದು. ಅಲ್ಕೋವಾ ಕಂಪನಿಯ ವಿಲಿಯಂ ಹೂಪ್ಸ್ 1920ರ ದಶಕದಲ್ಲಿ ಇದಕ್ಕೊಂದು ಸುಂದರ ಉಪಾಯ ಕೊಟ್ಟ. ಒಂದೇ ತೊಟ್ಟಿಯಲ್ಲಿ ಮೂರು ದ್ರವಗಳ ಮೂರು ಪದರ. ತಳದಲ್ಲಿ ಅಶುದ್ಧ ಅಲ್ಯುಮಿನಿಯಂ, ಅದು ಮುಳುಗಿಯೇ ಇರಲೆಂದು ತಾಮ್ರ ಬೆರೆಸಿ ಭಾರ ಮಾಡಿದ್ದು. ನಡುವೆ ಕರಗಿದ ಉಪ್ಪು, ಅದಕ್ಕೂ ಬೇರಿಯಂ ಲವಣ ಸೇರಿಸಿ ತೂಕ ಹೊಂದಿಸಿದ್ದು. ಮೇಲೆ ತೇಲುವ ಶುದ್ಧ ಅಲ್ಯುಮಿನಿಯಂ. ತಳದ ಪದರವನ್ನು ಆನೋಡ್, ಮೇಲಿನದನ್ನು ಕ್ಯಾಥೋಡ್ ಮಾಡಿ ವಿದ್ಯುತ್ ಹರಿಸಿದರೆ ಅಲ್ಯುಮಿನಿಯಂ ಮಾತ್ರ ಉಪ್ಪು ದಾಟಿ ಮೇಲೇರುತ್ತದೆ.

ಬೇರೆಯವು ಯಾಕೆ ಏರುವುದಿಲ್ಲ? ಮೇಲೆ ಹೇಳಿದ ವೋಲ್ಟೇಜಿನ ಲೆಕ್ಕವೇ ಇಲ್ಲಿ ಕಾವಲು ನಿಲ್ಲುತ್ತದೆ. ಕಬ್ಬಿಣ, ಸಿಲಿಕಾನ್, ತಾಮ್ರಗಳು ಅಲ್ಯುಮಿನಿಯಮ್ಮಿನಷ್ಟು ಸುಲಭವಾಗಿ ಎಲೆಕ್ಟ್ರಾನು ಬಿಟ್ಟುಕೊಡುವುದಿಲ್ಲ, ಹಾಗಾಗಿ ತಳದಲ್ಲೇ ಉಳಿಯುತ್ತವೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ತಕ್ಷಣ ಬಿಟ್ಟುಕೊಟ್ಟು ಉಪ್ಪಿಗೆ ಇಳಿಯುತ್ತವೆ, ಆದರೆ ಮೇಲೆ ಮತ್ತೆ ಲೋಹವಾಗಲು ಇನ್ನೂ ಹೆಚ್ಚಿನ ವೋಲ್ಟೇಜು ಬೇಕಾದ್ದರಿಂದ ಉಪ್ಪಿನಲ್ಲೇ ಸಿಕ್ಕಿಕೊಳ್ಳುತ್ತವೆ. ಮೇಲಕ್ಕೆ ತಲುಪಿದ್ದು ಶೇ 99.99 ಅಲ್ಯುಮಿನಿಯಂ. ಜರಡಿಯಿಲ್ಲ, ಆಮ್ಲವಿಲ್ಲ, ವೋಲ್ಟೇಜಿನ ಗುಂಡಿ ಎಷ್ಟು ತಿರುಗಿಸಬೇಕೆಂದು ತಿಳಿದಿರುವುದೇ ಇಡೀ ವಿದ್ಯೆ. ಖರ್ಚು ಮಾತ್ರ ಕಡಿಮೆಯಲ್ಲ, ಲೋಹ ತೆಗೆಯಲು ಬಳಸಿದಷ್ಟೇ ವಿದ್ಯುತ್ತನ್ನು ಹೆಚ್ಚುಕಡಿಮೆ ಇನ್ನೊಮ್ಮೆ ಕೊಡಬೇಕು.

ಇದೇ ತರ್ಕ ಅಣು ಇಂಧನದವರೆಗೂ ಹೋಗಿದೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು ರಿಯಾಕ್ಟರಿನಲ್ಲಿ ಉರಿದ ಲೋಹದ ಇಂಧನವನ್ನು ಕತ್ತರಿಸಿ, ಬುಟ್ಟಿಯಲ್ಲಿಟ್ಟು, 500 ಡಿಗ್ರಿಯ ಲಿಥಿಯಂ-ಪೊಟ್ಯಾಷಿಯಂ ಕ್ಲೋರೈಡ್ ದ್ರವಕ್ಕೆ ಇಳಿಸಿದರು. ಬುಟ್ಟಿಯೇ ಆನೋಡ್. ಯುರೇನಿಯಂ ಉಪ್ಪು ದಾಟಿ ಉಕ್ಕಿನ ಕ್ಯಾಥೋಡಿನ ಮೇಲೆ ಹರಳಾಗಿ ಕೂರುತ್ತದೆ, ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಉಪ್ಪಿನಲ್ಲೇ ಉಳಿಯುತ್ತವೆ, ಮಾಲಿಬ್ಡಿನಮ್ಮಿನಂಥವು ಬುಟ್ಟಿಯಲ್ಲಿ. ಪ್ಲುಟೋನಿಯಂ ಹಿಡಿಯಲು ಕರಗಿದ ಕ್ಯಾಡ್ಮಿಯಂನ ಇನ್ನೊಂದು ಕ್ಯಾಥೋಡ್ ಬೇಕು. ನಮ್ಮ ಕಲ್ಪಾಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲೂ ಮುಂದಿನ ಫಾಸ್ಟ್ ರಿಯಾಕ್ಟರುಗಳಿಗಾಗಿ ಈ ವಿಧಾನದ ಸಂಶೋಧನೆ ನಡೆದಿದೆ. ಉರಿದ ಇಂಧನವನ್ನು ಹೂಳಿ ಮರೆಯುವುದಕ್ಕಿಂತ ಇದು ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ.

ಸೋಡಿಯಂ ಕಥೆ ಚಿಕ್ಕದು, ಆದರೆ ನಮಗೆ ಹತ್ತಿರದ್ದು. ಹ್ಯಾಮಿಲ್ಟನ್ ಕ್ಯಾಸ್ನರ್ ಎಂಬವನು ಡೆವಿಲ್ ವಿಧಾನದ ಅಲ್ಯುಮಿನಿಯಂಗಾಗಿ ಸೋಡಿಯಂ ಅಗ್ಗ ಮಾಡಿ, ಇಂಗ್ಲೆಂಡಿನಲ್ಲಿ 1888ರಲ್ಲಿ ಕಾರ್ಖಾನೆ ತೆರೆದ. ಹಾಲ್-ಎರೂ ವಿಧಾನ ಬಂದು ಆ ಮಾರುಕಟ್ಟೆಯನ್ನು ಮುಚ್ಚಿಬಿಟ್ಟಿತು. ಅವನು ಕರಗಿದ ಕಾಸ್ಟಿಕ್ ಸೋಡಾಕ್ಕೆ ವಿದ್ಯುತ್ ಹರಿಸಿ ಸೋಡಿಯಮ್ಮನ್ನು ಇನ್ನೂ ಅಗ್ಗ ಮಾಡಿದ, ಅದರಿಂದ ಸೈನೈಡ್ ಮಾಡಿದ. ಚಿನ್ನದ ಗಣಿಗಳಿಗೆ ಆಗಷ್ಟೇ ಸೈನೈಡ್ ಬೇಕಾಗಿತ್ತು. ಕೋಲಾರ ಚಿನ್ನದ ಗಣಿಯಲ್ಲೂ ಪುಡಿ ಮಾಡಿದ ಕಲ್ಲಿನಿಂದ ಚಿನ್ನ ಹೀರಿ ತೆಗೆದದ್ದು ಸೈನೈಡಿನಿಂದ. ಆ ಊರಿನ ಸೈನೈಡ್ ಗುಡ್ಡಗಳು ಇಂದಿಗೂ ಗಾಳಿ ಬೀಸಿದಾಗ ಧೂಳು ಕಾರುತ್ತವೆ.

ಇಂದು ಜಗತ್ತಿನ ಜಗಳವೆಲ್ಲ ನಿಯೋಡೈಮಿಯಂ ಸುತ್ತ. ಕಬ್ಬಿಣ, ಬೋರಾನ್ ಜೊತೆ ಸೇರಿದರೆ ಅದು ನಮಗೆ ಗೊತ್ತಿರುವ ಅತಿ ಬಲವಾದ ಕಾಯಂ ಅಯಸ್ಕಾಂತ. ಎಲೆಕ್ಟ್ರಿಕ್ ವಾಹನದ ಮೋಟಾರು, ದೊಡ್ಡ ಗಾಳಿಯಂತ್ರ, ಫೋನಿನ ಸ್ಪೀಕರು, ಎಲ್ಲಕ್ಕೂ ಬೇಕು. ಇದರ ಅದಿರು ಮೊನಜೈಟ್ ನಮ್ಮ ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿದೆ. ಸರ್ಕಾರಿ ಸಂಸ್ಥೆ ಇಂಡಿಯನ್ ರೇರ್ ಅರ್ತ್ಸ್ 1950ರಲ್ಲೇ ಹುಟ್ಟಿದ್ದು. ನಿಯೋಡೈಮಿಯಂ ಸೇರಿದ ವಿರಳ ಭಸ್ಮ ಧಾತುಗಳ (ರೇರ್ ಅರ್ತ್ಸ್) ಗುಂಪಿನಲ್ಲಿ ಅಕ್ಕಪಕ್ಕದವು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ವೋಲ್ಟೇಜಿನ ಕಾವಲು ಇಲ್ಲಿ ಕೆಲಸ ಮಾಡುವುದಿಲ್ಲ. ಅವನ್ನು ಮೊದಲು ದ್ರಾವಕಗಳಿಂದ, ಹಂತದ ಮೇಲೆ ಹಂತವಾಗಿ, ಬಿಡಿಸಬೇಕು. ನಿಯೋಡೈಮಿಯಂ ಮತ್ತು ಪ್ರಸಿಯೋಡೈಮಿಯಂ ಜೋಡಿಯನ್ನಂತೂ ಬಹಳ ಕಡೆ ಬಿಡಿಸುವ ಗೋಜಿಗೇ ಹೋಗದೆ ಒಟ್ಟಿಗೇ ಮುಂದಕ್ಕೆ ಕಳಿಸುತ್ತಾರೆ.

ಹಾಗೆ ಸಿಕ್ಕ ಆಕ್ಸೈಡ್ ಪುಡಿಯನ್ನು ಲೋಹ ಮಾಡುವಲ್ಲಿ ಮತ್ತೆ ಅದೇ ಉಪ್ಪಿನ ತೊಟ್ಟಿ. ನಿಯೋಡೈಮಿಯಂ ಫ್ಲೋರೈಡ್, ಲಿಥಿಯಂ ಫ್ಲೋರೈಡ್ ಸೇರಿದ ದ್ರವ, ಕಾವು ಸುಮಾರು 1,050 ಡಿಗ್ರಿ. ಸುತ್ತ ಗ್ರಾಫೈಟಿನ ಆನೋಡ್, ನಡುವೆ ಟಂಗ್‌ಸ್ಟನ್ ಸಲಾಕೆಯ ಕ್ಯಾಥೋಡ್. ಸಲಾಕೆಯ ಮೇಲೆ ಹುಟ್ಟಿದ ಲೋಹ ಹನಿಹನಿಯಾಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ. ಹಾಲ್ ತನ್ನ ಕೊಟ್ಟಿಗೆಯಲ್ಲಿ ಮಾಡಿದ್ದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಆದರೆ ಈ ಕೆಲಸ ನಡೆಯುವುದು ಬಹುಪಾಲು ಚೀನಾದಲ್ಲಿ. ಜಗತ್ತಿನ ವಿರಳ ಭಸ್ಮ ಧಾತುಗಳ ಸಂಸ್ಕರಣೆಯಲ್ಲಿ ಅದರ ಪಾಲು ಸುಮಾರು ಶೇ 90. 2025ರ ಏಪ್ರಿಲಿನಲ್ಲಿ ಚೀನಾ ಅಯಸ್ಕಾಂತಗಳ ರಫ್ತಿಗೆ ಪರವಾನಗಿಯ ಕಡಿವಾಣ ಹಾಕಿದಾಗ ಮೊನಜೈಟ್ ಮರಳು ಇರುವ ನಮ್ಮ ದೇಶದ ವಾಹನ ಕಾರ್ಖಾನೆಗಳೂ ತಡವರಿಸಿದವು. ಅದಿರು ನಮ್ಮದು, ತೊಟ್ಟಿ ಅವರದು, ಬೆಲೆ ಹೇಳುವವರು ಅವರು.

ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದೆ ಎಂದು ಕೆಲವು ವರ್ಷಗಳ ಹಿಂದೆ ನಾವೆಲ್ಲ ಸಂಭ್ರಮಿಸಿದೆವು. ಅಲ್ಲಿನ ಅಂದಾಜು 1,600 ಟನ್. ಅದು ಗಟ್ಟಿ ಕಲ್ಲಿನೊಳಗಿದೆ. ಕಲ್ಲನ್ನು ಹುರಿದು, ಆಮ್ಲದಲ್ಲಿ ಬೇಯಿಸಿ, ಲವಣ ಮಾಡಬೇಕು. ಲೋಹವೇ ಬೇಕೆಂದರೆ ಆ ಲವಣವನ್ನು ಪೊಟ್ಯಾಷಿಯಂ ಕ್ಲೋರೈಡಿನ ಜೊತೆ ಕರಗಿಸಿ ವಿದ್ಯುತ್ ಹರಿಸಬೇಕು. ಈ ಯಾವ ಹಂತದ ಬಗ್ಗೆಯೂ ಸಾರ್ವಜನಿಕ ಮಾತುಕತೆ ನಡೆಯಲಿಲ್ಲ. ಗಣಿಯ ಹೆಸರು ಕೇಳಿದರೆ ಸಾಕು, ಲೋಹ ಕೈಗೆ ಬಂದಷ್ಟೇ ಖುಷಿಪಡುವ ಅಭ್ಯಾಸ ನಮ್ಮದಾಗಿದೆ.

ಕೇಂದ್ರ ಸಂಪುಟ 2025ರ ನವೆಂಬರಿನಲ್ಲಿ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಅದರಿಂದ ಅಯಸ್ಕಾಂತ ಎಂಬ ಸರಪಳಿಯನ್ನು ಅದು ಹೆಸರಿಸಿ ಹೇಳಿದೆ, ಸರಿಯಾದ ಹೆಜ್ಜೆ. ವಿದ್ಯೆಯೂ ನಮಗೆ ಪೂರಾ ಹೊಸದಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ ಅಳಗಪ್ಪ ಚೆಟ್ಟಿಯಾರರು ಕೊಟ್ಟ ನೆಲದಲ್ಲಿ 1953ರಲ್ಲಿ ಬಾಗಿಲು ತೆರೆದ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ಕರಗಿದ ಉಪ್ಪಿನಿಂದ ಮೆಗ್ನೀಷಿಯಂ ತೆಗೆಯುವ ಕೆಲಸವನ್ನು ದಶಕಗಳಿಂದ ಮಾಡಿದೆ. ಕೊರತೆ ಇರುವುದು ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸುವವರದ್ದು. ತೊಟ್ಟಿಯ ಬಣ್ಣ ನೋಡಿ ಕಾವು ಹೇಳಬಲ್ಲ, ವೋಲ್ಟೇಜಿನ ಒಂದು ಕುಣಿತಕ್ಕೆ ಕಾರಣ ಹುಡುಕಬಲ್ಲ ಮಂದಿ ಪುಸ್ತಕ ಓದಿ ತಯಾರಾಗುವುದಿಲ್ಲ, ತೊಟ್ಟಿಯ ಮುಂದೆ ವರ್ಷಗಟ್ಟಲೆ ನಿಂತು ತಯಾರಾಗುತ್ತಾರೆ. ಎಲೆಕ್ಟ್ರಿಕ್ ವಾಹನಗಳ ರಾಜಧಾನಿಯಾಗಲು ಹೊರಟಿರುವ ಕರ್ನಾಟಕ ಸರ್ಕಾರವೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳೂ ಸೇರಿ, ರಾಜ್ಯದ ಬಿಸಿಲು ಮತ್ತು ಗಾಳಿಯ ವಿದ್ಯುತ್ತಿನಿಂದ ನಡೆಯುವ ಒಂದಾದರೂ ಪ್ರಾಯೋಗಿಕ ತೊಟ್ಟಿಯನ್ನು ಈ ನೆಲದಲ್ಲಿ ಈಗಲೇ ಶುರು ಮಾಡಲಿ.